ಮೇಳಾವದಲ್ಲಿ ಭೀಮಸಿ ಹೇಳಿದ್ದು

ಶಿರಗುಪ್ಪಿಯಿಂದ ಹೊಳೆಯ ಕಡೆಗೆ ಒಂದು ತಾಸು ನಡೆದರೆ ಸಿಗುವ ಊರಿನಲ್ಲಿ ಭೀಮಸಿ ಎಂಬ ಕುರುಬ ಇದ್ದ. ಅವನ ಅಪ್ಪನ ಕಾಲಕ್ಕೆ ಮನೆಯಲ್ಲಿ ನೂರಾ ಇಪ್ಪತ್ತು ಕುರಿ. ಸಾವಿರದ ಒಂಬೈನೂರ ತೊಂಬತ್ತರ ಹೊತ್ತಿಗೆ ಉಳಿದದ್ದು ಇಪ್ಪತ್ತೆರಡು. ರೋಗ ಬಂದು ಸಾಯಲಿಲ್ಲ, ಯಾರೂ ಕದಿಯಲಿಲ್ಲ. ಮೇಯಿಸಲು ನೆಲ ಉಳಿಯಲಿಲ್ಲ, ಅಷ್ಟೆ. ಹೊಳೆಯ ನೀರು ಪೈಪಿನಲ್ಲಿ ಮೇಲೇರಿದ ಮೇಲೆ ಬೀಳುಬಿದ್ದ ಹೊಲಗಳೆಲ್ಲ ಕಬ್ಬಾದವು. ಒಂದು ಕುರಿ ಬದುವಿನ ಮೇಲೆ ಕಾಲಿಟ್ಟರೆ ಸಾಕು, ಹೊಲದವರು ಬಡಿಗೆ ಹಿಡಿದು ಬರುತ್ತಿದ್ದರು. ಹುಟ್ಟಿದ ಮರಿಗಳಿಗೆ ತಿನ್ನಿಸಲು ಏನೂ ಇರದೆ ಭೀಮಸಿ ಮೂರು ತಿಂಗಳಿಗೇ ಅವನ್ನು ಸಿಕ್ಕ ರೇಟಿಗೆ ಕೊಟ್ಟುಬಿಡುತ್ತಿದ್ದ.

ಶಿರಗುಪ್ಪಿಯ ದನದ ಡಾಕ್ಟರು ಒಮ್ಮೆ ಅವನಿಗೆ ಹೇಳಿದ್ದರು: "ಭೀಮಸಿ, ಸಣ್ಣ ಹಿಂಡ ಇದ್ದಾಂವ ಬರೇ ಮರಿ ಮಾರಿ ಬದುಕಾಕ ಆಗೂದಿಲ್ಲ. ಉಣ್ಣೆ ಐತಿ, ಗೊಬ್ಬರ ಐತಿ, ಮರಿ ಕಟ್ಟಿ ಮೇಯಿಸೂದೈತಿ, ಬಾಜೂಕ ನಾಕ ಕೋಳಿ ಸಾಕೂದೈತಿ. ಒಂದರಾಗ ಹೋದದ್ದು ಇನ್ನೊಂದರಾಗ ಬರತೈತಿ."

"ಕುರುಬರ ಮನ್ಯಾಗ ಕೋಳಿ ಲೆಕ್ಕಾ ಹಿಡದು ಕೂಡೂದೇನ್ರಿ ಸಾಹೇಬ್ರ" ಎಂದು ಭೀಮಸಿ ನಕ್ಕಿದ್ದ.

ಆದರೆ ಅವನ ಹೆಂಡತಿ ಹೊಳೆವ್ವ ನಗಲಿಲ್ಲ. ಉಣ್ಣೆಯನ್ನು ಕಚ್ಚಾ ಮಾರುವುದನ್ನು ಬಿಟ್ಟು ನೂತು ನೇಯುವವರಿಗೆ ಕೊಡತೊಡಗಿದಳು. ದೊಡ್ಡಿಯ ಹಿಕ್ಕಿಯನ್ನು ಗೊಬ್ಬರಕ್ಕೆಂದು ಚೀಲಕ್ಕೆ ತುಂಬಿ ಅಥಣಿ ಕಡೆಯ ದ್ರಾಕ್ಷಿ ತೋಟದವರಿಗೆ ಗೊತ್ತುಮಾಡಿದಳು. ಅದರಿಂದ ಮನೆ ನಡೆಯಿತು, ನಿಜ. ಆದರೂ ಹಿಂಡು ಬೆಳೆಯಲಿಲ್ಲ. ಮರಿಗಳ ಸಮಸ್ಯೆ ಮರಿಗಳದ್ದಾಗಿಯೇ ಉಳಿಯಿತು.

ಅದನ್ನು ಬಿಡಿಸಿದವಳು ಜನಾಬಾಯಿ.

ಜನಾಬಾಯಿ ಊರ ಕೆಳಗಿನ, ಬೌದ್ಧರಾದ ದಲಿತರ ಓಣಿಯವಳು. ಅವಳ ಗಂಡ ಜ್ಞಾನದೇವ ಕುಡಚಿ ಸ್ಟೇಶನ್ನಿನ ಹತ್ತಿರ ರೈಲು ಹಳಿಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ, ರವಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವಳು ಹಂಗಾಮಿನಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದಳು. ಕಡಿದವರಿಗೆ ಕಬ್ಬಿನ ತುದಿಯ ಹಸಿರೆಲೆ, ವಾಡೆ ಅನ್ನುತ್ತಾರಲ್ಲ, ಅದು ಸಿಗುತ್ತದೆ. ದಿನಾ ಒಂದು ಹೊರೆ ವಾಡೆ ಹೊತ್ತು ತಂದು ಅವಳು ತನ್ನ ಎರಡು ಆಡುಗಳಿಗೆ ಹಾಕುತ್ತಿದ್ದಳು. ಅವಳ ಮನೆ ತಗ್ಗಿನಲ್ಲಿತ್ತು. ಮಳೆಗಾಲದಲ್ಲಿ ನೆಲ ಒದ್ದೆಯಾಗಿ ಆಡುಗಳ ಗೊರಸು ಕೊಳೆಯುತ್ತಿದ್ದವು. ಅದಕ್ಕೇ ಜಾಲಿ ಕಟ್ಟಿಗೆಯ ಕಾಲು ಹುಗಿದು, ಮೇಲೆ ಬಿದಿರಿನ ದಬ್ಬೆ ಜೋಡಿಸಿ, ಮೊಣಕಾಲೆತ್ತರದ ಒಂದು ಅಟ್ಟ ಮಾಡಿಕೊಂಡಿದ್ದಳು. ಆಡುಗಳು ಅಟ್ಟದ ಮೇಲೆ ಒಣಗಿದ ಜಾಗದಲ್ಲಿ ಮಲಗುತ್ತಿದ್ದವು. ಹಿಕ್ಕಿ ದಬ್ಬೆಗಳ ಸಂದಿಯಿಂದ ಕೆಳಗೆ ಬೀಳುತ್ತಿತ್ತು. ಅದರೊಳಗಿನ ಹುಳ ಹೆಕ್ಕುತ್ತ ಅಟ್ಟದ ಕೆಳಗೆ ಐದಾರು ಕೋಳಿ ಓಡಾಡುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ಬೇಕಾದದ್ದನ್ನು ಬೇಕಾದ ಹಾಗೆ ಮಾಡುತ್ತ ಮಾಡುತ್ತ ಆದದ್ದು.

ತೊಂಬತ್ತರ ದೀಪಾವಳಿ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ ಕುರಿ ಕಾಯುತ್ತಿದ್ದ ಭೀಮಸಿಯ ಹತ್ತಿರ ಅವಳೇ ಬಂದಳು. ತಲೆಯ ಮೇಲಿನ ವಾಡೆಯ ಹೊರೆ ಇಳಿಸಿದಳು.

"ಅಣ್ಣಾರ, ನಿಮ್ಮ ಟಗರ ಮರಿ ಏಳೆಂಟ ಅದಾವಂತ. ನನಗ ಪಾಲಿಗೆ ಕೊಡ್ರಿ. ಬಕ್ರೀದತನಕ ನಾ ಮೇಯಸತೀನಿ. ಮಾರಿದ ಮ್ಯಾಲ ಅರ್ಧಾ ನಿಮಗ, ಅರ್ಧಾ ನನಗ. ಹಿಕ್ಕಿ ನನಗಿರಲಿ."

ಭೀಮಸಿಗೆ ಇದು ಲಾಭದ್ದು ಅಂತ ಆ ಕ್ಷಣಕ್ಕೇ ತಿಳಿಯಿತು. ಇನ್ನೊಂದು ಮಾತೂ ಆ ಕ್ಷಣಕ್ಕೇ ತಿಳಿಯಿತು. ತನ್ನ ಮನೆಯ ಕುರಿಮರಿ ಆ ಓಣಿಯಲ್ಲಿ ಬೆಳೆಯುತ್ತಿವೆ ಎಂದು ಕುಲದ ಭಾವಬಂದರು ಕೇಳಿದರೆ ಏನಂದಾರು?

"ನೋಡೂನ" ಅಂದ. ಮೂರು ದಿನ ಬಿಟ್ಟು, ಹೊತ್ತು ಮೂಡುವ ಮೊದಲೇ, ಊರೊಳಗಿನ ದಾರಿ ಬಿಟ್ಟು ಹಳ್ಳದ ಗುಂಟ ಸುತ್ತುಹಾಕಿ ಎಂಟು ಟಗರು ಮರಿಗಳನ್ನು ಅವಳ ಹಿತ್ತಲಿಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದ. ಕೇಳಿದವರಿಗೆ, "ಕೊಕಟನೂರಾಗ ತಂಗಿ ಮನ್ಯಾಗ ಬಿಟ್ಟೇನಿ" ಅಂದ. ಹೊಳೆವ್ವನಿಗೆ ಮಾತ್ರ ನಿಜ ಹೇಳಿದ. ಅವಳು, "ಅದರಾಗ ಮುಚ್ಚೂದೇನೈತಿ?" ಅಂದಳು.

ಎಂಟು ದಿನಕ್ಕೊಮ್ಮೆ ಹೋಗಿ ಮರಿಗಳನ್ನು ನೋಡಿ ಬರುತ್ತಿದ್ದ. ಹಿತ್ತಲಲ್ಲೇ ನಿಂತು, ಮೈದಡವಿ, ಹಿಂತಿರುಗುತ್ತಿದ್ದ. ಜನಾಬಾಯಿ ನೀರು ಬೇಕೇ ಎಂದು ಮೊದಲ ಸಲ ಕೇಳಿದಾಗ "ಈಗ ಕುಡದ ಬಂದೇನಿ" ಅಂದ. ಅವಳು ಮತ್ತೆ ಕೇಳಲಿಲ್ಲ. ಅವಳು ಎಷ್ಟು ಹಾಕುತ್ತಾಳೆ, ಯಾವಾಗ ಹಾಕುತ್ತಾಳೆ, ವಾಡೆಯನ್ನು ಬಾಡಿಸುತ್ತಾಳೋ ಹಸಿಯಾಗೇ ಹಾಕುತ್ತಾಳೋ, ಏನನ್ನೂ ಅವನು ಕೇಳಿ ತಿಳಿದುಕೊಳ್ಳಲಿಲ್ಲ. ನಿಂತು ಮಾತಾಡಿದರಲ್ಲವೇ ತಿಳಿಯುವುದು.

ಮರುವರ್ಷದ ಬಕ್ರೀದಕ್ಕೆ ಆ ಎಂಟು ಟಗರುಗಳನ್ನು ಕುಡಚಿಗೆ ಹೊಡೆದುಕೊಂಡು ಹೋದಾಗ ವ್ಯಾಪಾರಿಗಳು ಸುತ್ತಲೂ ನೆರೆದರು. ಒಬ್ಬ ಹಿರಿಯ ವ್ಯಾಪಾರಿ ಟಗರಿನ ಬೆನ್ನ ಮೇಲೆ ಕೈ ಒತ್ತಿ ನೋಡಿ, "ಅರೇ ಭೀಮಸಿ, ಯಾರ ಕೈ ಇದು? ನಿಂದಂತೂ ಅಲ್ಲ" ಅಂದ.

"ನಮ್ಮ ಮನಿಯಾಕೀದು" ಅಂದ ಭೀಮಸಿ.

ಅವಳ ದುಡಿಮೆಗೆ ಬೇರೆಯವರ ಹೆಸರು ಹಚ್ಚಿದ ಮೊದಲ ಸುಳ್ಳು ಅದು. ನಾಲಿಗೆಯಿಂದ ಸರಾಗವಾಗಿ ಹೊರಬಂತು. ಜನಾಬಾಯಿಯ ಪಾಲನ್ನು ಅವನು ಆ ಸಂಜೆಯೇ ಒಂದು ಪೈಸೆ ಉಳಿಸಿಕೊಳ್ಳದೆ ಕೊಟ್ಟ. ರೊಕ್ಕದಲ್ಲಿ ಮೋಸ ಮಾಡಿಲ್ಲ, ಇನ್ನೇನು ಬೇಕು ಎಂದು ಮನಸ್ಸಿಗೆ ಹೇಳಿಕೊಂಡ.

ಎರಡನೆಯ ವರ್ಷ ಹನ್ನೆರಡು ಮರಿ ಬಿಟ್ಟ. ಅದೇ ಚಳಿಗಾಲದಲ್ಲಿ ದನದ ಡಾಕ್ಟರು ಅವನ ಮನೆಗೆ ಬಂದರು. ಕುಡಚಿಯ ಸಂತೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಫೆಬ್ರುವರಿಯಾಗ ಚಿಕ್ಕೋಡಿಯಾಗ ರೈತರ ಮೇಳಾವ ಐತಿ. ಇಪ್ಪತ್ತ ಕುರಿ ಇಟಗೊಂಡ ಲಾಭ ಮಾಡೂದ ಹ್ಯಾಂಗಂತ ನೀ ಮಾತಾಡಬೇಕು. ಒಂದ ಟಗರ ಕರಕೊಂಡ ಬಾ."

ನನಗಲ್ಲ, ಜನಾಬಾಯಿಗೆ ಹೇಳ್ರಿ ಎಂದು ಅನ್ನಲು ಅಲ್ಲಿ ಜಾಗ ಇತ್ತು. ಡಾಕ್ಟರು ಚಹಾ ಕುಡಿಯುವಷ್ಟು ಹೊತ್ತು ಜಾಗ ಇತ್ತು. ಭೀಮಸಿ "ಹೂಂ ರಿ" ಅಂದ.

ಮೇಳಾವದ ದಿನ ಇಸ್ತ್ರಿ ಮಾಡಿದ ಧೋತರ, ಹೊಸ ಪಟಕಾ. ಮಂಟಪದ ತುಂಬ ರಾಯಬಾಗ, ಅಥಣಿ, ನಿಪ್ಪಾಣಿ ಕಡೆಯ ರೈತರು. ಡಾಕ್ಟರು ಮೈಕಿನಲ್ಲಿ ಅವನ ಹೆಸರು ಕರೆದಾಗ ಪಟಕಾ ಸರಿಮಾಡಿಕೊಂಡು ಎದ್ದ. ಮಾತು ಶುರುಮಾಡಿದ ಮೇಲೆ ಅಂಜಿಕೆ ಹೋಯಿತು. ಉಣ್ಣೆ ನೂಲುವುದನ್ನು ಹೇಳಿದ, ಹಿಕ್ಕಿ ಮಾರುವುದನ್ನು ಹೇಳಿದ. ಆಮೇಲೆ ಅಟ್ಟದ ಮಾತು ಬಂತು.

"ನಾ ಒಂದ ಅಟ್ಟ ಕಟ್ಟೇನ್ರಿ. ಮ್ಯಾಲ ಮರಿ, ಕೆಳಗ ಕೋಳಿ. ವಾಡೆ ಪುಗಸಟ್ಟೆ ಸಿಗತೈತಿ..."

ಆಗ ಅವನ ಕಣ್ಣು ಹೆಂಗಸರ ಸಾಲಿನ ಕಡೆಗೆ ಹೋಯಿತು. ಕೊನೆಯ ಸಾಲಿನಲ್ಲಿ, ಕಂಬಕ್ಕೆ ಆತು, ಬಿಳಿ ಸೀರೆ ಉಟ್ಟು ಜನಾಬಾಯಿ ಕೂತಿದ್ದಳು. ಅವಳು ಬರುವುದು ಅವನಿಗೆ ಗೊತ್ತಿರಲಿಲ್ಲ. ತಾನು ಮೇಯಿಸಿದ ಟಗರು ಮಂಟಪದ ಮುಂದೆ ನಿಂತದ್ದನ್ನು ನೋಡಲು ಬಸ್ಸು ಹತ್ತಿ ಬಂದಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಮುಂದೇನು ಹೇಳುತ್ತಾನೋ ಎಂದು ಕಾಯುವವರ ಮುಖ ಅದು.

ಆಗಲಾದರೂ ಹೇಳಬಹುದಿತ್ತು. ಅವನು ಕಣ್ಣು ಬೇರೆ ಕಡೆಗೆ ತಿರುಗಿಸಿ ಮಾತು ಮುಂದುವರಿಸಿದ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬ ತೆಳ್ಳಗಿನ ಮನುಷ್ಯ ಎದ್ದು ನಿಂತ. ರಾಯಬಾಗ ಕಡೆಯವನು, ಸಿದರಾಯ ಅಂತ.

"ಟಗರ ಭಾಳ ಚೊಲೋ ಆಗೈತ್ರಿ. ಬರೇ ವಾಡೆ ತಿಂದ ಹಿಂಗ ಆಗೂದಿಲ್ಲ. ಗೋವಿನಜೋಳದ ನುಚ್ಚ ಹಾಕತೀರೇನು? ಎಷ್ಟ ಹಾಕಬೇಕ್ರಿ?"

ನುಚ್ಚು ಹಾಕುತ್ತಾಳೆಂದು ಭೀಮಸಿಗೆ ಗೊತ್ತಿತ್ತು, ಬುಟ್ಟಿಯಲ್ಲಿ ನೋಡಿದ್ದ. ಎಷ್ಟು ಎಂದು ಗೊತ್ತಿರಲಿಲ್ಲ. ಮಂಟಪದ ತುಂಬ ಜನ ಅವನನ್ನೇ ನೋಡುತ್ತಿದ್ದರು.

"ಹೊತ್ತಿಗೊಂದ ಸೇರ ಹಾಕ್ರಿ, ಮರಿಗೆ. ಕೈ ಹಿಡೀಬ್ಯಾಡ್ರಿ" ಅಂದ.

ಜನ ಚಪ್ಪಾಳೆ ಹೊಡೆದರು. ಡಾಕ್ಟರು ಆಗ ಯಾರೋ ಸಾಹೇಬರನ್ನು ಬರಮಾಡಿಕೊಳ್ಳಲು ಮಂಟಪದ ಬಾಗಿಲಿಗೆ ಹೋಗಿದ್ದರು, ಕೇಳಿಸಿಕೊಳ್ಳಲಿಲ್ಲ. ಭೀಮಸಿ ಇನ್ನೊಮ್ಮೆ ಕಂಬದ ಕಡೆಗೆ ನೋಡಿದ. ಜನಾಬಾಯಿ ಅರ್ಧ ಎದ್ದಿದ್ದಳು. ಪಕ್ಕದ ಹೆಂಗಸು ಏನೋ ಅಂದಿರಬೇಕು, ಮತ್ತೆ ಕೂತಳು. ಶಾಲು, ತೆಂಗಿನಕಾಯಿ ಕೊಡುವ ಹೊತ್ತಿಗೆ ಅವಳ ಜಾಗ ಖಾಲಿಯಾಗಿತ್ತು.

ಅದಾದ ಮೇಲೆ ಎರಡು ವಾರ ಭೀಮಸಿ ಮರಿ ನೋಡಲು ಹೋಗಲಿಲ್ಲ. ದಿನಾ ಮುಂಜಾನೆ ಹೋಗಬೇಕು ಅಂದುಕೊಳ್ಳುತ್ತಿದ್ದ, ಹಳ್ಳದವರೆಗೆ ಹೋಗಿ ಹಿಂತಿರುಗುತ್ತಿದ್ದ. ಶಾಲನ್ನು ಹೊಳೆವ್ವ ಟ್ರಂಕಿನಲ್ಲಿ ಇಟ್ಟಳು. ಅದನ್ನು ಹೊದ್ದುಕೊಳ್ಳಲು ಅವನಿಗೆ ಆಗಲಿಲ್ಲ.

ಮೂರನೆಯ ವಾರ, ಒಂದು ಮಧ್ಯಾಹ್ನ, ಸಿದರಾಯ ಮನೆ ಹುಡುಕಿಕೊಂಡು ಬಂದ. ಬಸ್ಸಿಳಿದು ನಡೆದುಕೊಂಡು ಬಂದಿದ್ದ, ಕಾಲ ತುಂಬ ಧೂಳು. ಹೊಳೆವ್ವ ಬೆಲ್ಲ, ನೀರು ಕೊಟ್ಟಳು. ಕುಡಿದು, ತಂಬಿಗೆ ಕೆಳಗಿಟ್ಟು, ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಣ್ಣಾರ, ನನ್ನ ಕಡೆ ಏನ ತಪ್ಪಾತಂತ ಕೇಳಾಕ ಬಂದೇನ್ರಿ. ನೀವು ಹೇಳಿಧಂಗ ಅಟ್ಟಾ ಕಟ್ಟಿದೆ. ಆರ ಮರಿ ಕಟ್ಟಿದೆ. ಹೊತ್ತಿಗೊಂದ ಸೇರ ನುಚ್ಚ ಅಂದಿದ್ರಿ. ನಾ ಬಡವ, ಅಷ್ಟ ಹಾಕಾಕ ಆಗಲಿಲ್ಲ, ಮುಕ್ಕಾಲ ಸೇರ ಹಾಕಿದೆ. ಎರಡ ದಿನದಾಗ ಹೊಟ್ಟಿ ಉಬ್ಬಿ, ಹಲ್ಲ ಕಡಕೋಂತ, ತೂರಾಡಿ ತೂರಾಡಿ ನಾಕ ಸತ್ತೂರಿ. ಕಡಿಮಿ ಹಾಕಿದ್ದಕ್ಕ ಹಿಂಗಾತೇನ್ರಿ?"

ಭೀಮಸಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಕೈ ಎತ್ತಿದ್ದರೆ ಹೊಡೆಸಿಕೊಳ್ಳಬಹುದಿತ್ತು. ಈ ಮನುಷ್ಯ ಅಷ್ಟು ದೂರದಿಂದ ಬಂದು, ತನ್ನ ಬಡತನವೇ ಮರಿಗಳನ್ನು ಕೊಂದಿತೋ ಎಂದು ಕೇಳುತ್ತಿದ್ದ.

ಒಳಗಿನಿಂದ ಹೊಳೆವ್ವ ಹೊರಗೆ ಬಂದಳು. "ಸೇರ ಅಂದ್ರೇನ್ರಿ? ಮರಿಗೆ ಸೇರ ನುಚ್ಚ ಹಾಕ್ರಿ ಅಂತ ಯಾರ ಹೇಳಿದ್ರು?"

ಸಿದರಾಯ ಭೀಮಸಿಯ ಕಡೆಗೆ ನೋಡಿದ. "ಇವರ ಹೇಳಿದ್ರವ್ವ. ಮೇಳಾವದಾಗ. ನೀವೇ ಮೇಯಸೀರಂತ ಕುಡಚಿ ಸಂತ್ಯಾಗ ಅಂತಾರಲ್ಲ?"

ಹೊಳೆವ್ವ ಗಂಡನನ್ನು ನೋಡಿದಳು. ಅವಳಿಗೆ ಕುಡಚಿಯ ಮಾತೂ ಗೊತ್ತಿರಲಿಲ್ಲ, ಚಿಕ್ಕೋಡಿಯ ಮಾತೂ ಗೊತ್ತಿರಲಿಲ್ಲ. "ನನ್ನ ಹೆಸರ ಯಾಕ ಹಚ್ಚಿದ್ರಿ?" ಎಂದಷ್ಟೇ ಕೇಳಿದಳು. ಪರರ ಮನೆಯ ಹೆಂಗಸಿನ ದುಡಿಮೆಯನ್ನು ತಾನು ಕದ್ದಂತಾಯಿತಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂತು. ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು.

ಭೀಮಸಿ ಎದ್ದ. "ಬರ್ರಿ" ಅಂದ ಸಿದರಾಯನಿಗೆ.

ಹಳ್ಳದ ದಾರಿ ಹಿಡಿಯಲಿಲ್ಲ. ಊರ ನಡುವೆ, ಚಾವಡಿಯ ಮುಂದೆ, ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದಂತೆ ನಡೆದು ಕೆಳಗಿನ ಓಣಿಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. ಜನಾಬಾಯಿಯ ಅಂಗಳ ಕಾಣುತ್ತಲೇ ಅದೆಲ್ಲ ಮರೆತುಹೋಯಿತು.

ಜನಾಬಾಯಿ ಕುಡಗೋಲು ಹಿಡಿದು ವಾಡೆ ಕತ್ತರಿಸುತ್ತ ಕೂತಿದ್ದಳು. ಇಬ್ಬರನ್ನೂ ನೋಡಿ ಎದ್ದಳು.

"ಇವರು ಸಿದರಾಯ ಅಂತ" ಎಂದ ಭೀಮಸಿ. "ನಾ ಹೇಳಿಧಂಗ ನುಚ್ಚ ಹಾಕಿದ್ರು. ನಾಕ ಮರಿ ಸತ್ತಾವ." ಆಮೇಲೆ ಸಿದರಾಯನ ಕಡೆಗೆ ತಿರುಗಿದ. "ನಾ ಒಂದ ಮರಿನೂ ಮೇಯಸಿಲ್ಲ. ಅಟ್ಟಾ ನಾ ಕಟ್ಟಿಲ್ಲ. ಎಲ್ಲಾ ಇವರದು. ಎಷ್ಟ ನುಚ್ಚ ಹಾಕಬೇಕಂತ ನನಗ ಗೊತ್ತಽ ಇರಲಿಲ್ಲ. ಬಾಯಿಗೆ ಬಂದದ್ದ ಹೇಳಿದೆ."

ಸಿದರಾಯ ಅಟ್ಟದ ಮೇಲೆ ನಿಂತ ಮರಿಗಳನ್ನು ನೋಡಿದ, ಕೆಳಗಿನ ಕೋಳಿಗಳನ್ನು ನೋಡಿದ. ಭೀಮಸಿಯನ್ನು ನೋಡಲಿಲ್ಲ. ಕೊನೆಗೆ ಜನಾಬಾಯಿಗೆ, "ಉಳದ ಎರಡನ್ನ ಹ್ಯಾಂಗ ಉಳಿಸಿಕೊಳ್ಳೂದವ್ವಾ?" ಅಂದ.

ಅವಳು ಅವನನ್ನು ಕೂಡ್ರಿಸಿ ಸಾವಕಾಶವಾಗಿ ಹೇಳಿದಳು. ಮೊದಲ ವಾರ ಒಂದು ಹಿಡಿ ನುಚ್ಚು, ಅದೂ ಎರಡು ಹೊತ್ತಿಗೆ ಹಂಚಿ. ಖಾಲಿ ಹೊಟ್ಟೆಗೆ ಬೇಡ, ಮೊದಲು ಶೇಂಗಾ ಹೊಟ್ಟು ತಿಂದಿರಬೇಕು. ವಾಡೆಯನ್ನು ಒಂದು ದಿನ ಬಾಡಿಸಬೇಕು, ಕತ್ತರಿಸಿ ಹಾಕಬೇಕು. ಮೂರು ವಾರದ ಮೇಲೆ ನುಚ್ಚು ಸ್ವಲ್ಪ ಸ್ವಲ್ಪ ಏರಿಸಬೇಕು, ಎಷ್ಟು ಏರಿಸಿದರೂ ದಿನಕ್ಕೆ ಪಾವು ಸೇರು ದಾಟಬಾರದು. "ನುಚ್ಚ ಹೆಚ್ಚಾಗಿ ಸತ್ತಾವ್ರಿ ಅವು. ಈಗ ಎಂಟ ದಿನ ನುಚ್ಚ ಮುಟ್ಟಸಬ್ಯಾಡ್ರಿ. ಒಣಮೇವ ಹಾಕ್ರಿ. ಡಾಕ್ಟರಿಗೆ ಒಮ್ಮೆ ತೋರಸ್ರಿ."

ಸಿದರಾಯ ತಲೆ ಅಲ್ಲಾಡಿಸುತ್ತ ಒಂದೊಂದನ್ನೂ ಮತ್ತೆ ಹೇಳಿ ಗಟ್ಟಿಮಾಡಿಕೊಂಡ. ಜನಾಬಾಯಿ ಒಳಗೆ ಹೋಗಿ ಮೂರು ಬಟ್ಟಲಲ್ಲಿ ಚಹಾ ತಂದಳು. ಸಿದರಾಯ ಕುಡಿದ. ಭೀಮಸಿಯೂ ಕುಡಿದ. ಆ ಚಹಾದಿಂದ ಅವನ ಎದೆಯ ಭಾರವೇನೂ ಇಳಿಯಲಿಲ್ಲ.

ಸಿದರಾಯ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಭೀಮಸಿ ತಲೆ ಎತ್ತದೆ ಅಂದ: "ಜನಾಬಾಯಿ, ನೀವು ನನಗ ಬಾಯಿಗೆ ಬಂದಂಗ ಬೈದ ಬಿಡ್ರಿ."

ಅವಳನ್ನು 'ನೀವು' ಅಂದದ್ದು ಅದೇ ಮೊದಲು. ಅವಳಿಗೆ ಅದು ತಿಳಿಯಿತೋ ಇಲ್ಲವೋ.

"ಬೈದ ಏನ ಮಾಡ್ಲಿರಿ ಅಣ್ಣಾರ" ಅಂದಳು. "ನೀವು ನನ್ನ ಹೆಸರ ಹೇಳೂದಿಲ್ಲಂತ ನನಗ ಮೊದಲ ಗೊತ್ತಿತ್ತು. ಅದಕ್ಕ ನನಗ ಸಿಟ್ಟ ಬರಲಿಲ್ಲ. ಆದ್ರ ಸೇರ ಅಂದ್ರಲ್ಲ, ಆಗ ನಾ ಎದ್ದ ನಿಂತ ಅಲ್ಲ ಅನಬೇಕಾಗಿತ್ತು. ಏಳಾಕ ಹ್ವಾದೆ. ಇಷ್ಟ ಮಂದಿಯೊಳಗ ಈಕಿ ಯಾರು ಮಾತಾಡಾಕ ಅಂದಾರಂತ ಕೂತ ಬಿಟ್ಟೆ. ಆಮ್ಯಾಲ ಬಸ್ಸಿನ್ಯಾಗ ಊರ ಮುಟ್ಟೂತನ ಅದಽ ಚಿಂತಿ. ಯಾರರ ಹಾಕಿದ್ರ ಹ್ಯಾಂಗ, ಯಾರರ ಹಾಕಿದ್ರ ಹ್ಯಾಂಗ ಅಂತ. ಆ ನಾಕ ಮರಿ ನಿಮ್ಮ ಕೈಲೆ ಅಷ್ಟಽ ಸತ್ತಿಲ್ಲ. ನನಗೂ ನಾಚಿಕಿ ಐತಿ."

ಭೀಮಸಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ತನ್ನ ತಪ್ಪಿನಲ್ಲಿ ಅವಳೂ ಪಾಲು ಹೊತ್ತುಕೊಂಡಿದ್ದಳು. ಆ ಪಾಲನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಸಿದರಾಯನಿಗೆ ಅವನು ನಾಲ್ಕು ಮರಿ ಕೊಡಲು ಹೋದ. ಸಿದರಾಯ ಎರಡು ತೆಗೆದುಕೊಂಡ. "ಎರಡ ಸಾಕು. ನಾನೂ ಡಾಕ್ಟರಿಗೆ ಒಂದ ಮಾತ ಕೇಳಬೇಕಾಗಿತ್ತು" ಅಂದು ಬಸ್ಸು ಹತ್ತಿದ. ಮತ್ತೆ ಅವನು ಆ ಊರಿಗೆ ಬಂದರೆ ಜನಾಬಾಯಿಯ ಮನೆಗೆ ಬರುತ್ತಿದ್ದ. ಭೀಮಸಿಯ ಮನೆಯ ಮುಂದೆ ಹಾಯುವಾಗ ರಾಮ ರಾಮ ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದ.

ಆ ವರ್ಷದ ಬಕ್ರೀದ ಮುಗಿದ ಮೇಲೆ ಜನಾಬಾಯಿ ತನ್ನ ಪಾಲಿನ ಬದಲು ನಾಲ್ಕು ಹೆಣ್ಣು ಮರಿ ಕೇಳಿದಳು. ಒಳ್ಳೆಯವನ್ನು ಆರಿಸಿ ಕೊಟ್ಟ. "ಇನ್ನ ಮುಂದ ಪಾಲ ಬ್ಯಾಡ್ರಿ ಅಣ್ಣಾರ. ನನ್ನವು ನಾ ಮಾಡಿಕೋತೀನಿ" ಅಂದಳು. ಜಗಳದ ದನಿಯಲ್ಲಿ ಅನ್ನಲಿಲ್ಲ. ಅವನೂ ಯಾಕೆ ಎಂದು ಕೇಳಲಿಲ್ಲ. ಮೂರು ವರ್ಷದಲ್ಲಿ ಅವಳ ಹಿಂಡು ಹದಿನೈದು ದಾಟಿತು. ಹೊಳೆವ್ವ ಅವಳ ಹತ್ತಿರ ಹೋಗಿ ಕೂತು ಮರಿ ಕಟ್ಟುವುದನ್ನು ಕಲಿತಳು, ಇಬ್ಬರೂ ಹಿಕ್ಕಿಯ ಚೀಲಗಳನ್ನು ಒಂದೇ ಟೆಂಪೋದಲ್ಲಿ ಅಥಣಿಗೆ ಕಳಿಸತೊಡಗಿದರು. ಉಣ್ಣೆ, ಗೊಬ್ಬರ, ಟಗರು, ತತ್ತಿ, ಎಲ್ಲ ಸೇರಿ ಭೀಮಸಿಯ ಮನೆಯೂ ನೆಟ್ಟಗಾಯಿತು. ಲಾಭ ಬಂತು. ಅದರಲ್ಲಿ ಯಾವ ಕೊರತೆಯೂ ಆಗಲಿಲ್ಲ.

ಮೇಳಾವದಲ್ಲಿ ಆಡಿದ ಮಾತನ್ನು ಮೇಳಾವದಲ್ಲೇ ತಿದ್ದಬೇಕೆಂದು ಅವನು ಮುಂದಿನ ವರ್ಷ ಡಾಕ್ಟರ ಹತ್ತಿರ ಹೋದ. ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಹೊಸದಾಗಿ ಬಂದವರು, "ಈ ವರ್ಷ ಹೈನದ ಮ್ಯಾಲ ಕಾರ್ಯಕ್ರಮ, ಕುರಿದು ಇಲ್ಲ" ಅಂದರು. ಅವನಿಗೆ ಮೈಕು ಮತ್ತೆ ಸಿಗಲಿಲ್ಲ.

ಅಷ್ಟರಲ್ಲಿ ಸುತ್ತಲಿನ ಊರುಗಳಲ್ಲಿ ಅಂಥ ಅಟ್ಟಗಳು ಎದ್ದವು. ಕೃಷ್ಣೆಯ ಎರಡೂ ದಂಡೆಯಲ್ಲಿ, ನಾಲ್ಕು ಕುರಿ ಇದ್ದವರ ಹಿತ್ತಲಲ್ಲೂ ಒಂದೊಂದು. ಜನ ಅದಕ್ಕೆ ಒಂದು ಹೆಸರು ಕೊಟ್ಟಿದ್ದರು: ಭೀಮಸಿ ಅಟ್ಟ. ಬಡಿಗರವನೂ ಹಾಗೇ ಅನ್ನುತ್ತಿದ್ದ, ಬಿದಿರು ಮಾರುವವನೂ ಹಾಗೇ ಅನ್ನುತ್ತಿದ್ದ. ಸಂತೆಯಲ್ಲಿ ಗುರುತಿಲ್ಲದವರು ಬಂದು, "ನಿಮ್ಮ ಅಟ್ಟಾ ಹಾಕಸೇವ್ರಿ, ಮರಿ ಭಾಳ ಚೊಲೋ ಅದಾವು" ಎಂದು ಅವನ ಕೈ ಹಿಡಿಯುತ್ತಿದ್ದರು.

"ನಂದಲ್ರಿ ಅದು. ನಮ್ಮೂರ ಜನಾಬಾಯೀದು. ನಾ ಸುಳ್ಳ ಹೇಳಿದ್ದೆ" ಎನ್ನುತ್ತಿದ್ದ ಭೀಮಸಿ. ಬಸ್‌ ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಅವರು ನಗುತ್ತಿದ್ದರು. "ನೋಡ್ರಿ, ದೊಡ್ಡ ಮನಸ್ಸು ಅಂದ್ರ ಹಿಂಗಿರಬೇಕು. ತಾ ಮಾಡಿದ್ದನ್ನ ಬಡವರ ಹೆಸರಿಗೆ ಹಚ್ಚತಾನ" ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಭೀಮಸಿ ತಲೆ ತಗ್ಗಿಸಿ ಅಲ್ಲಿಂದ ಏಳುತ್ತಿದ್ದ. ಅದನ್ನೂ ಅವರು ವಿನಯ ಅಂದುಕೊಳ್ಳುತ್ತಿದ್ದರು.